ಕಂಬನ ಕುತ್ತಿಗೆ

ನನ್ನ ಸೋದರಮಾವ ದೇಶದ ಪರವಾಗಿ ರಗ್ಬಿ ಆಡಿದವನು. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರು, "ಹಾಗಾದ್ರೆ ಜಿಂಕೆ ಥರ ಓಡ್ತಿದ್ರು ಅನ್ನಿ" ಅನ್ನುತ್ತಾರೆ. ಓಡುವುದು ಬೇರೆಯವರ ಪಾಲಿನ ಕೆಲಸ. ಮಾವನದು ತಳ್ಳುವ ಕೆಲಸ. ಬಸ್ಸು ಹಿಡಿಯಲು ಓಡಿದರೂ ಅವನ ಮುಖ ಬೀಟ್‌ರೂಟ್ ಆಗುತ್ತಿತ್ತು. ಆ ಆಟದ ಗಂಧಗಾಳಿ ಇಲ್ಲದವರಿಗೆ ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ನನಗೆ ರೇಗಿಹೋಗಿರುತ್ತದೆ. ಆದರೂ ಹೇಳುತ್ತೇನೆ, ಹೇಳದಿದ್ದರೆ ಮಾವನ ಬದುಕು ಅರ್ಥವಾಗುವುದಿಲ್ಲ.

ರಗ್ಬಿಯಲ್ಲಿ ಸ್ಕ್ರಮ್ ಅಂತ ಒಂದಿದೆ. ಎರಡೂ ಕಡೆಯ ಎಂಟೆಂಟು ಜನ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಸೊಂಟ ಬಗ್ಗಿಸಿ, ಎದುರಿನವರ ತಲೆಗಳ ನಡುವೆ ತಮ್ಮ ತಲೆ ಸಿಕ್ಕಿಸಿ ತಳ್ಳುತ್ತಾರೆ. ನಡುವೆ ಚೆಂಡು ಹಾಕುತ್ತಾರೆ. ತಳ್ಳಿ ಹಿಂದೆ ಸರಿಸಿದವರಿಗೆ ಚೆಂಡು. ಮುಂದಿನ ಸಾಲಿನಲ್ಲಿ ಮೂವರಿರುತ್ತಾರೆ. ಅವರಲ್ಲಿ ಅಂಚಿನಲ್ಲಿ ನಿಲ್ಲುವವನ ಕುತ್ತಿಗೆಯ ಮೇಲೆ ತನ್ನ ಕಡೆಯ ಏಳು ಜನರ ಭಾರವೂ ಎದುರಿನ ಎಂಟು ಜನರ ಭಾರವೂ ಬಂದು ಕೂರುತ್ತದೆ. ಮಾವ ನಿಲ್ಲುತ್ತಿದ್ದದ್ದು ಅಲ್ಲಿ. ಅದಕ್ಕೇ ಅವನಿಗೆ ಕಂಬ ಎಂಬ ಹೆಸರು ಬಿತ್ತು. ಮನೆಯಲ್ಲಿ ಇಟ್ಟ ಹೆಸರನ್ನು ಕರೆಯುತ್ತಿದ್ದದ್ದು ನನ್ನ ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರೂ ಹೋಯಿತು.

ಆಟಕ್ಕೆ ಮೊದಲು ಅವನು ಮನೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಕೂಲಿಯವನಾಗಿದ್ದ. ಬೀರುವನ್ನು ಮಹಡಿಯಿಂದ ಇಳಿಸುವಾಗ ಕೆಳಗಿನ ಮೆಟ್ಟಿಲಲ್ಲಿರುವವನು ಭಾರ ಹೊರಬೇಕು. ಅವನಿಗೆ ಮುಂದೆ ಏನೂ ಕಾಣುವುದಿಲ್ಲ, ಬೀರುವಿನ ಬೆನ್ನು ಮಾತ್ರ. ಮೇಲಿನವನು ಬಾಯಲ್ಲೇ ದಾರಿ ಹೇಳುತ್ತಿರಬೇಕು, ಎಡಕ್ಕೆ, ಇನ್ನೊಂದು ಮೆಟ್ಟಿಲು, ಗೋಡೆ ಇದೆ. ಮಾವ ಯಾವಾಗಲೂ ಕೆಳಗಿನವನು. ಒಮ್ಮೆ ಒಂದು ಮನೆಯ ಯಜಮಾನ ಇವನು ಫ್ರಿಜ್ಜನ್ನು ಒಬ್ಬನೇ ಬೆನ್ನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತ. ಆ ಯಜಮಾನ ಊರಿನ ರಗ್ಬಿ ಕ್ಲಬ್ಬಿನ ಕೋಚ್. ಸಾಮಾನೆಲ್ಲ ಇಳಿಸಿ ಮುಗಿಯುವ ಮುಂಚೆಯೇ ಮಾವನ ಹಣೆಬರಹ ಬದಲಾಗಿತ್ತು. ಕೆಲವೇ ವರ್ಷಗಳಲ್ಲಿ ಆ ಕೋಚ್ ದೇಶದ ತಂಡಕ್ಕೆ ಕೋಚ್ ಆದ, ಮಾವ ದೇಶದ ತಂಡದ ಕಂಬನಾದ. ದೇಶಕ್ಕೆ ಆಡಿದವರಿಗೆ ಕುಚ್ಚು ಇರುವ ಒಂದು ಟೋಪಿ ಕೊಡುತ್ತಾರೆ. ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ. ಅಮ್ಮ ದಿನಾ ಅದರ ಧೂಳು ಒರೆಸುತ್ತಿದ್ದಳು.

ಮಾವ ತನ್ನ ಕೊನೆಯ ಪಂದ್ಯದಲ್ಲಿ ಕುತ್ತಿಗೆ ಮುರಿದುಕೊಂಡ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಆ ಪಂದ್ಯ ಗಡಿಯಾಚೆಯವರ ಜೊತೆ. ಅವರದೂ ನಮ್ಮದೂ ಭಾಷೆ ಒಂದೇ, ರಾಗ ಮಾತ್ರ ಬೇರೆ. ಅವರನ್ನು ನಮ್ಮವರು ಒಮ್ಮೆಯೂ ಸೋಲಿಸಿರಲಿಲ್ಲ, ಅವತ್ತು ಒಂದೇ ಒಂದು ಅಂಕದಿಂದ ಸೋಲಿಸಿದರು. ಮಾವನನ್ನು ಕುತ್ತಿಗೆಗೆ ಪಟ್ಟಿ ಬಿಗಿದು ಸ್ಟ್ರೆಚರ್ ಮೇಲೆ ಹೊತ್ತೊಯ್ದ ಚಿತ್ರ ಪೇಪರಿನಲ್ಲಿ ದೊಡ್ಡದಾಗಿ ಬಂತು. ಗೆಲುವಿಗೆ ಕುತ್ತಿಗೆ ಕೊಟ್ಟವನು ಎಂದು ಊರೆಲ್ಲ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಅವನನ್ನು ಯಾರೂ ಏನನ್ನೂ ಎತ್ತಲು ಬಿಡಲಿಲ್ಲ. ಕಂಪನಿಯ ಮಾಲೀಕ ಗೌರವದಿಂದ ಅವನನ್ನು ಫೋನಿನ ಮೇಜಿಗೆ ಕೂರಿಸಿದ. ಯಾವತ್ತು ಮನೆ ಖಾಲಿ ಮಾಡುತ್ತೀರಿ, ಎಷ್ಟನೇ ಮಹಡಿ, ಪಿಯಾನೋ ಇದೆಯೇ, ಲಿಫ್ಟ್ ಇದೆಯೇ, ಇದನ್ನು ಕೇಳುವುದೇ ಅವನ ಕೆಲಸ. ಕಿಟಕಿಯಾಚೆ ಹುಡುಗರು ಸೋಫಾವನ್ನು ತಪ್ಪು ತಪ್ಪಾಗಿ ಹಿಡಿದು ಲಾರಿಗೆ ಏರಿಸುವುದನ್ನು ನೋಡುತ್ತಾ ಅವನ ಕೈ ಮೇಜಿನ ಕೆಳಗೆ ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ಎದ್ದು ಹೋದರೆ, "ಬೇಡ ಅಣ್ಣ, ನೀವು ಕೂತ್ಕೊಳ್ಳಿ" ಅನ್ನುತ್ತಿದ್ದರು. ತರಕಾರಿ ಚೀಲ ಹಿಡಿದು ಬಂದರೆ ಪಕ್ಕದ ಮನೆಯಾಕೆ ಕಿತ್ತುಕೊಂಡು ಬಾಗಿಲವರೆಗೆ ತಂದುಕೊಡುತ್ತಿದ್ದಳು. ತಂಡದವರು ದುಡ್ಡು ಹಾಕಿ ಒಂದು ಒರಗುಕುರ್ಚಿ ಕೊಡಿಸಿದರು, ಗುಂಡಿ ಒತ್ತಿದರೆ ಕುತ್ತಿಗೆಯನ್ನು ತಾನೇ ಎತ್ತಿ ಹಿಡಿಯುವಂಥದ್ದು. ಕುರ್ಚಿ ಕೊಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮಾವನಿದ್ದ ಕಟ್ಟಡದಲ್ಲೇ ನಾವು ಮೇಲಿನ ಮಹಡಿಯಲ್ಲಿದ್ದೆವು, ಅಮ್ಮ ಮತ್ತು ನಾನು. ಪ್ರತಿ ಭಾನುವಾರ ಅಮ್ಮ ಮುಲಾಮಿನ ಡಬ್ಬಿ ಹಿಡಿದು ಕೆಳಗಿಳಿದು ತಮ್ಮನ ಕುತ್ತಿಗೆ ತಿಕ್ಕುತ್ತಿದ್ದಳು. ಮಾವ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೂತಿರುತ್ತಿದ್ದ. "ಇಲ್ಲಿ ನೋಯತ್ತೇನೋ?" ಅಂದರೆ "ಹೂಂ ಅಕ್ಕ" ಅನ್ನುತ್ತಿದ್ದ. ಅವನು ಮದುವೆಯಾಗಲಿಲ್ಲ. ಕುತ್ತಿಗೆ ಸರಿಯಿಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅಮ್ಮ ಕೊರಗುತ್ತಿದ್ದಳು. ಹೆಣ್ಣು ಕೊಡುವವರು ಇದ್ದರು, ಇವನೇ ಮುಖ ತಿರುಗಿಸುತ್ತಿದ್ದ.

ಅಮ್ಮ ತೀರಿಹೋದ ವರ್ಷ, ಒಂದು ಬೆಳಿಗ್ಗೆ, ನನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಹೋದೆ. ಮಾವ ನಡುಮನೆಯಲ್ಲಿ ಬೀರುವನ್ನು ತಬ್ಬಿ ಎತ್ತಿಕೊಂಡು ನಿಂತಿದ್ದ. ಬಟ್ಟೆಬರೆ ತುಂಬಿದ ಮರದ ಬೀರು. ಅದನ್ನು ಎಲ್ಲಿಗೂ ಸಾಗಿಸುತ್ತಿರಲಿಲ್ಲ. ಕಿಟಕಿಯವರೆಗೆ ಹೋಗಿ, ತಿರುಗಿ, ಮತ್ತೆ ಇದ್ದ ಜಾಗಕ್ಕೇ ತಂದು ಇಳಿಸಿದ, ಮಗುವನ್ನು ಮಲಗಿಸುವ ಹಾಗೆ ಮೆತ್ತಗೆ. ಆಮೇಲೆ ನನ್ನನ್ನು ನೋಡಿದ.

ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಆ ಕ್ಷಣ ಕೋಪವೂ ಬರಲಿಲ್ಲ. "ಕುತ್ತಿಗೆ?" ಅಂದೆ.

"ಏನೂ ಆಗಿಲ್ಲ ಗುಬ್ಬಿ" ಅಂದ. "ಯಾವತ್ತೂ ಏನೂ ಆಗಿರ್ಲಿಲ್ಲ."

ಒರಗುಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾನು ನೆಲದ ಮೇಲೆ ಕೂತು ಎಲ್ಲ ಹೇಳಿದ. ಗಡಿಯಾಚೆಯ ತಂಡದಲ್ಲಿ ಇವನೆದುರು ನಿಲ್ಲುತ್ತಿದ್ದ ಒಬ್ಬರನ್ನು ಬಂಡೆ ಅನ್ನುತ್ತಿದ್ದರಂತೆ. ಅವತ್ತು ಬಂಡೆ ನಮ್ಮವರ ಸ್ಕ್ರಮ್ಮನ್ನು ಒಂದೇ ಸಮ ಹಿಂದಕ್ಕೆ ಉರುಳಿಸುತ್ತಿದ್ದರು. ಒಂದು ಅಂಕದ ಮುನ್ನಡೆ ಇನ್ನೇನು ಕೈಬಿಟ್ಟು ಹೋಗುತ್ತಿತ್ತು. ನಮ್ಮವರ ಮುಂದಿನ ಸಾಲಿನವನೊಬ್ಬನ ಪಕ್ಕೆಲುಬು ಆಗಲೇ ಮುರಿದಿತ್ತು, ಬದಲಿ ಆಟಗಾರನೆಂದು ಹೊರಗೆ ಕೂತಿದ್ದವನೂ ಮೈದಾನಕ್ಕೆ ಇಳಿದಾಗಿತ್ತು. ಆಟದ ಕಾನೂನು ಏನೆಂದರೆ, ಮುಂದಿನ ಸಾಲಿಗೆ ಪಳಗಿದವನು ಇನ್ನು ಯಾರೂ ಉಳಿದಿಲ್ಲವೆಂದರೆ ರೆಫರಿ ತಳ್ಳುವುದನ್ನೇ ನಿಲ್ಲಿಸುತ್ತಾನೆ. ಪಳಗದ ಕುತ್ತಿಗೆಯನ್ನು ಅಲ್ಲಿ ಇಡುವುದು ಜೀವಕ್ಕೆ ಅಪಾಯ. ಆಮೇಲೆ ಎರಡೂ ಕಡೆಯವರು ಸುಮ್ಮನೆ ತಲೆ ಸೇರಿಸಿ ನಿಲ್ಲಬೇಕು, ಚೆಂಡು ಹಾಕಿದವರಿಗೇ ಚೆಂಡು. ಬಂಡೆಯ ಬಲವೆಲ್ಲ ದಂಡ. ನೀರಿನ ಬಾಟಲಿ ಹಿಡಿದು ಕೋಚೇ ಮೈದಾನಕ್ಕೆ ಬಂದ. "ಮುಂದಿನ ಸ್ಕ್ರಮ್ಮಲ್ಲಿ ಬಿದ್ದುಬಿಡು. ಕಾಲು ಅಂದ್ರೆ ಎಬ್ಬಿಸ್ತಾರೆ. ಕುತ್ತಿಗೆ ಅನ್ನು, ಯಾರೂ ಮುಟ್ಟಲ್ಲ" ಅಂದ. ತನ್ನನ್ನು ಬೀರುವಿನ ಕೆಳಗಿನಿಂದ ಎತ್ತಿ ದೇಶದ ಟೋಪಿ ತೊಡಿಸಿದವನ ಮಾತು. ಮಾವ ಬಿದ್ದ.

"ಸ್ಟ್ರೆಚರ್ ಬರೋ ತನಕ ಬಂಡೆ ನನ್ನ ಪಕ್ಕ ಮಂಡಿಯೂರಿ ಕೂತಿದ್ದ ಗುಬ್ಬಿ. ನನ್ನ ಕೈ ಹಿಡ್ಕೊಂಡು ಅಳ್ತಿದ್ದ. ನಾನೇ ಮುರಿದೆ, ನಾನೇ ಮುರಿದೆ ಅಂತ. ಅಲ್ಲೇ ಎದ್ದು ಕೂತ್ಬಿಡ್ಬೇಕು ಅನ್ನಿಸ್ತು. ಆಗ್ಲಿಲ್ಲ."

ಬಂಡೆ ಮತ್ತೆ ಆಡಲಿಲ್ಲ. ಅವರಿಗಾಗ ಇನ್ನೂ ಒಳ್ಳೆಯ ವಯಸ್ಸು. ಊರಿಗೆ ಹೋಗಿ ಟೈರ್ ಪಂಕ್ಚರ್ ಅಂಗಡಿ ಹಾಕಿಕೊಂಡರು. ಮಾವ ಒಂದು ವಾರ ಕಳೆಯಲಿ, ಹೇಳಿಬಿಡೋಣ ಅಂದುಕೊಂಡ. ಅಷ್ಟರಲ್ಲಿ ಕೋಚ್ ಹೇಳಿದಂತೆ ತಂಡದ ಡಾಕ್ಟರು ಕುತ್ತಿಗೆ ಮುರಿದಿದೆ ಎಂದು ಬರೆದುಕೊಟ್ಟರು, ಗೆಲುವಿನ ಮೆರವಣಿಗೆ ಆಯಿತು, ಸನ್ಮಾನ ಆಯಿತು. ಹೇಳಿದರೆ ಹದಿನೈದು ಜನರ ತಂಡದಲ್ಲಿ ಉಳಿದ ಹದಿನಾಲ್ಕು ಜನರ ಮುಖಕ್ಕೂ ಮಸಿ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಸುಳ್ಳು ಬಲಿತುಬಿಟ್ಟಿತು. ಕೋಚ್ ಸತ್ತ, ಆ ಡಾಕ್ಟರೂ ಸತ್ತರು. ಇನ್ನು ಗೊತ್ತಿದ್ದವನು ಕ್ಯಾಪ್ಟನ್ ಒಬ್ಬನೇ, ಅವನು ಇವನನ್ನು ಕಂಡರೆ ರಸ್ತೆ ದಾಟುತ್ತಿದ್ದ.

"ಅಮ್ಮನಿಗೂ ಹೇಳ್ಲಿಲ್ವಲ್ಲ ಮಾವ" ಅಂದೆ. ಆಗ ಬಂತು ನನಗೆ ಕೋಪ. "ಅಷ್ಟು ವರ್ಷ ತಿಕ್ಕಿದಳಲ್ಲ."

ಅವನು ಕುತ್ತಿಗೆಯ ಹಿಂಭಾಗ ಸವರಿಕೊಂಡ. ಆಮೇಲೆ, "ಸ್ಕ್ರಮ್ಮಲ್ಲಿ ನಮ್ಮನ್ನ ಯಾರಾದ್ರೂ ಒಬ್ರು ಹಿಡ್ಕೊಂಡೇ ಇರ್ತಾರೆ" ಅಂದ. "ಅದು ನಿಂತ ಮೇಲೆ ನನ್ನ ಮುಟ್ತಾ ಇದ್ದೋಳು ಅಕ್ಕ ಒಬ್ಳೇ."

ಇದನ್ನು ಕೇಳಿದ ಮೇಲೆ ಬೈಯಲು ನಾಲಿಗೆ ಏಳಲಿಲ್ಲ. ಆದರೆ ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಮ್ಮ ಹೋದ ಮೇಲೂ ಮುಲಾಮು ತಂದುಕೊಡುತ್ತಿದ್ದೆ. ಅವತ್ತಿಂದ ತರುವುದನ್ನು ನಿಲ್ಲಿಸಿದೆ.

ಪ್ರತಿ ವರ್ಷ ಆ ಪಂದ್ಯದ ದಿನ ಬಂಡೆ ಫೋನ್ ಮಾಡುತ್ತಿದ್ದರು. ಅದಕ್ಕೆಂದೇ ಮಾವ ಹಳೆಯ ಲ್ಯಾಂಡ್‌ಲೈನ್ ತೆಗೆಸಿರಲಿಲ್ಲ. ಅವರ ಹತ್ತಿರ ಇದ್ದದ್ದು ಅದೊಂದೇ ನಂಬರು. ಅಷ್ಟು ಸಲ ಮಾತಾಡಿದರೂ ಮಾತು ಅದೇ.

"ಕುತ್ತಿಗೆ ಹೇಗಿದೆ?"

"ಪರವಾಗಿಲ್ಲ."

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಕಿವಿಗಿಟ್ಟುಕೊಂಡು ಸುಮ್ಮನಿರುತ್ತಿದ್ದರು. ಆ ಕಡೆಯಿಂದ ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತಂತೆ. ಮಾವ ಆ ದಿನ ಬೆಳಿಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಫೋನಿನ ಪಕ್ಕ ಕೂರುತ್ತಿದ್ದ. ವರ್ಷಕ್ಕೊಮ್ಮೆ ಅವನಿಗೆ ಬರುತ್ತಿದ್ದ ಸ್ವಂತದ ಫೋನ್ ಅದು. ಅವನ ಬದುಕಿನಲ್ಲಿ ಸ್ನೇಹಿತ ಅಂತ ಯಾರಾದರೂ ಇದ್ದರೆ ಅದು ಬಂಡೆಯೇ.

ಕಳೆದ ವರ್ಷ ಒಂದು ಮಧ್ಯಾಹ್ನ ಮಾವನ ಮನೆ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಇಪ್ಪತ್ತರ ಆಸುಪಾಸು, ಅಗಲ ಭುಜ, ಕುತ್ತಿಗೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಂಥ ಮೈಕಟ್ಟು. ನೋಡಿದ ಕೂಡಲೇ ಮಾವ, "ಮುಂದಿನ ಸಾಲಾ?" ಅಂದ. ಹೌದಂದಳು. ಬಂಡೆಯ ಮಗಳು. ಗಡಿಯಾಚೆಯ ಮಹಿಳೆಯರ ತಂಡಕ್ಕೆ ಆಯ್ಕೆಯಾಗಿದ್ದಳು, ಅವಳಪ್ಪ ನಿಲ್ಲುತ್ತಿದ್ದ ಜಾಗಕ್ಕೇ.

"ಅಪ್ಪ ಬೇಡ ಅಂತಾರೆ ಅಂಕಲ್. ನೀನು ಒಬ್ಬಳ ಕುತ್ತಿಗೆ ಮುರೀತೀಯ, ಇಲ್ಲಾ ನಿನ್ನದು ಮುರ್ಕೊಳ್ತೀಯ, ಎರಡನ್ನೂ ನೋಡೋ ಶಕ್ತಿ ನನಗಿಲ್ಲ ಅಂತಾರೆ. ಆಡಿದ್ರೆ ಮನೆಗೆ ಬರಬೇಡ ಅಂದುಬಿಟ್ಟಿದ್ದಾರೆ. ಅಮ್ಮ ಇಲ್ಲ. ನನಗೂ ಅವರೊಬ್ಬರೇ, ಅವರಿಗೂ ನಾನೊಬ್ಬಳೇ." ಅವಳು ಒರಗುಕುರ್ಚಿಯ ತುದಿಯಲ್ಲಿ ಕೂತಿದ್ದಳು. "ನೀವು ಒಂದು ಮಾತು ಹೇಳಿ. ನಾನು ಚೆನ್ನಾಗಿದ್ದೀನಿ ಅನ್ನಿ ಸಾಕು."

"ವರ್ಷಾ ವರ್ಷಾ ಹೇಳ್ತಾನೇ ಇದ್ದೀನಲ್ಲಮ್ಮ, ಪರವಾಗಿಲ್ಲ ಅಂತ."

"ಅದನ್ನ ಅವರು ನಂಬಲ್ಲ. ಅವನು ದೇವರಂಥ ಮನುಷ್ಯ, ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹಾಗಂತಾನೆ ಅಂತಾರೆ."

ಮಾವನ ಮುಖ ಆಗ ನೋಡುವ ಹಾಗಿರಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಾನು ನೇರವಾಗಿಯೇ ಕೇಳಿದೆ, "ಹೇಳ್ತೀಯೋ ಇಲ್ವೋ?"

"ಹೇಳಿದ್ರೆ ಅವನು ಇನ್ನು ಫೋನ್ ಮಾಡಲ್ಲ ಗುಬ್ಬಿ."

"ಹೇಳದೇ ಇದ್ರೆ ಆ ಹುಡುಗಿ ಆಡಲ್ಲ."

"ಗೊತ್ತು" ಅಂದ. ಊಟ ಮಾಡಲಿಲ್ಲ. ಮೂರನೆಯ ದಿನ ಜೀವನದಲ್ಲಿ ಮೊದಲ ಸಲ ತಾನಾಗಿ ಬಂಡೆಗೆ ಫೋನ್ ಮಾಡಿ, ಒಂದ್ಸಲ ಬಂದು ಹೋಗು, ಫೋನಲ್ಲಿ ಹೇಳೋ ಮಾತಲ್ಲ ಅಂದ.

ಬಂಡೆ ಆ ಭಾನುವಾರವೇ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಉಗುರಿನ ಸಂದಿಯಲ್ಲಿ ಟೈರಿನ ಕಪ್ಪು. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಏನೋ ಇತ್ತು. ಮಾವನನ್ನು ಮುಟ್ಟಲೂ ಹೆದರಿ, ಗಾಜಿನ ಸಾಮಾನು ಹಿಡಿದಂತೆ ಅವನ ತೋಳು ಹಿಡಿದರು. "ನಿನ್ನದು ಕೊನೇ ಸುದ್ದಿ ಏನೋ ಅಂತ ಹೆದರಿಬಿಟ್ಟೆ ಮಾರಾಯ. ತಗೋ, ಇದು ಕುತ್ತಿಗೆ ದಿಂಬು. ಹೇಳಿ ಮಾಡಿಸಿದ್ದು, ಒಳ್ಳೇ ಹತ್ತಿ."

ಮಾವ ದಿಂಬು ತೆಗೆದುಕೊಂಡು ಕುರ್ಚಿಯ ಮೇಲಿಟ್ಟ. ನಾನು ಟೀ ತಟ್ಟೆ ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮಾತಿನಲ್ಲಿ ಇದು ಆಗುವುದಿಲ್ಲ ಎಂದು ಅವನಿಗೇ ಗೊತ್ತಾಯಿತೇನೋ. ನೇರವಾಗಿ ಬೀರುವಿನ ಹತ್ತಿರ ಹೋಗಿ, ಕಾಲು ಅಗಲಿಸಿ, ತಬ್ಬಿ, ಎತ್ತಿದ.

"ಏ, ಇಳಿಸು, ಇಳಿಸು, ಕುತ್ತಿಗೆ" ಎಂದು ಬಂಡೆ ಓಡಿಬಂದರು. ಮಾವ ಇಳಿಸಲಿಲ್ಲ. ಕಿಟಕಿಯವರೆಗೆ ನಡೆದ, ತಿರುಗಿದ, ವಾಪಸು ಬಂದ. ಬಂಡೆ ಅವನ ಜೊತೆ ಜೊತೆಗೇ ಕೈ ಚಾಚಿಕೊಂಡು ನಡೆದರು, ಬಿದ್ದರೆ ಹಿಡಿಯಲು. ಮೂರನೆಯ ಸಲ ಕಿಟಕಿಯ ಹತ್ತಿರ ಅವರ ಕೈ ಕೆಳಗಿಳಿಯಿತು.

ಮಾವ ಬೀರು ಇಳಿಸಿದ. ಏದುಸಿರು ಬಿಡುತ್ತಿದ್ದ, ಅಷ್ಟೇ.

"ಅವತ್ತು?" ಅಂದರು ಬಂಡೆ.

"ಅವತ್ತೂ ಏನೂ ಆಗಿರ್ಲಿಲ್ಲ. ಕೋಚ್ ಬೀಳು ಅಂದ. ಬಿದ್ದೆ."

ಬಂಡೆ ಮುಂದಿನ ಸಾಲಿನವರು. ಅವರಿಗೆ ಅದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಗೋಡೆಯ ಮೇಲಿನ ಟೋಪಿಯನ್ನು ನೋಡುತ್ತಾ ನಿಂತರು. ನನ್ನ ಕೈಯಲ್ಲಿ ಟೀ ಆರಿಹೋಯಿತು.

"ನಾನು ನಿನ್ನ ಕೈ ಹಿಡ್ಕೊಂಡಿದ್ದೆ" ಅಂದರು.

"ಹೌದು."

"ನೀನೂ ಹಿಡ್ಕೊಂಡಿದ್ದೆ. ಗಟ್ಟಿಯಾಗಿ."

"ಅದು ನಾಟಕ ಅಲ್ಲ" ಅಂದ ಮಾವ. "ಅದೊಂದು ನಾಟಕ ಅಲ್ಲ."

ಬಂಡೆ ಕೋಟು ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟರು. ಒರಗುಕುರ್ಚಿಯನ್ನು ಒಂದೇ ಕೈಯಲ್ಲಿ ಮೂಲೆಗೆ ನೂಕಿದರು. ನಡುಮನೆಯಲ್ಲಿ ಸೊಂಟ ಬಗ್ಗಿಸಿ, ಬೆನ್ನು ಚಪ್ಪಟೆ ಮಾಡಿ, "ಬಾ" ಅಂದರು.

ಮಾವನೂ ಬಗ್ಗಿದ. ಇಬ್ಬರ ತಲೆ ಒಂದರ ಪಕ್ಕ ಒಂದು ಸೇರಿದವು. ಸ್ಕ್ರಮ್ಮುಗಳಲ್ಲಿ ಉಜ್ಜಿ ಉಜ್ಜಿ ಮುದುಡಿದ ಕಿವಿಗೆ ಅಂಥದ್ದೇ ಮುದುಡಿದ ಕಿವಿ ತಾಗಿತು. ಬಂಡೆ ಇವನ ಅಂಗಿ ಹಿಡಿದರು, ಇವನು ಅವರದು. ಒಂದು ಕ್ಷಣ ಇಬ್ಬರೂ ಹಾಗೇ ಇದ್ದರು. ಆಮೇಲೆ ಬಂಡೆ ತಳ್ಳಿದರು. ಅಷ್ಟು ವರ್ಷ ಯಾರನ್ನೂ ತಳ್ಳದೆ ಕೂಡಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ತಳ್ಳಿದರು. ಮಾವನ ಕಾಲು ನೆಲದ ಮೇಲೆ ಜಾರಿತು. ಅವನೂ ಬಿಟ್ಟುಕೊಡಲಿಲ್ಲ, ಬಿಟ್ಟುಕೊಟ್ಟಿದ್ದರೆ ಇನ್ನೊಂದು ಮೋಸ ಆಗುತ್ತಿತ್ತು. ಮೇಜು ಮಗುಚಿತು. ಕೊನೆಗೆ ಮಾವನ ಬೆನ್ನು ಗೋಡೆಗೆ ಬಡಿಯಿತು, ಗಾರೆ ಉದುರಿತು, ಟೋಪಿಯ ಗಾಜು ಕೆಳಗೆ ಬಿದ್ದು ಚೂರಾಯಿತು.

ಬಂಡೆ ನೆಟ್ಟಗಾದರು. ಅವರ ಮುಖ ಒದ್ದೆಯಾಗಿತ್ತು. ನೆಲದಿಂದ ಕೋಟು ಎತ್ತಿ ಕೊಡವಿ ಹಾಕಿಕೊಂಡರು. ಮಾವನಿಗೆ ಒಂದು ಮಾತನ್ನೂ ಹೇಳಲಿಲ್ಲ. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಟೀ ಚೆನ್ನಾಗಿತ್ತಮ್ಮ" ಅಂದರು. ಅವರು ಟೀ ಮುಟ್ಟಿಯೇ ಇರಲಿಲ್ಲ.

ಅವರು ಈ ವಿಷಯವನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಪೇಪರಿನಲ್ಲಿ ಬರುತ್ತದೆ ಎಂದು ನಾನು ದಿನಾ ನೋಡುತ್ತಿದ್ದೆ, ಬರಲಿಲ್ಲ. ಎರಡು ತಿಂಗಳ ಮೇಲೆ ಆ ಹುಡುಗಿ ತನ್ನ ದೇಶಕ್ಕೆ ಆಡಿದಳು. ನಾನೂ ಮಾವನೂ ಟಿವಿಯಲ್ಲಿ ನೋಡಿದೆವು. ಅವಳು ಎದುರಿನವಳನ್ನು ಗಾಡಿ ತಳ್ಳಿದ ಹಾಗೆ ತಳ್ಳಿಕೊಂಡು ಹೋದಳು. ಪಂದ್ಯ ಮುಗಿದ ಮೇಲೆ ಬೇಲಿಯ ಹತ್ತಿರ ಬೆಳ್ಳನೆಯ ತಲೆಯೊಂದನ್ನು ತಬ್ಬಿಕೊಂಡದ್ದು ಒಂದು ಗಳಿಗೆ ಕಂಡಿತು. ಮಾವ ಟಿವಿಯ ಹತ್ತಿರ ಹೋಗಿ ನಿಂತ. ಅಷ್ಟರಲ್ಲಿ ಬೇರೆ ಏನೋ ಬಂತು.

ಬಂಡೆ ತಳ್ಳಿದ ದಿನದಿಂದ ಮಾವನಿಗೆ ತಲೆ ಎಡಕ್ಕೆ ತಿರುಗಿಸಲು ಆಗುತ್ತಿರಲಿಲ್ಲ. ನನಗೆ ಹೇಳಿರಲಿಲ್ಲ, ನಾನೇ ಗಮನಿಸಿದೆ. ಬೀರು ಎತ್ತುವುದನ್ನು ಬಿಟ್ಟಿದ್ದ. ಡಾಕ್ಟರಿಗೆ ತೋರಿಸೋಣ ಅಂದರೆ ಏನಂತ ಹೇಳೋದು ಅನ್ನುತ್ತಿದ್ದ. ಪಕ್ಕದ ಮನೆಯಾಕೆ, "ಹಳೇ ಪೆಟ್ಟು, ವಯಸ್ಸಾದ್ಮೇಲೆ ಕಾಡುತ್ತೆ" ಅಂದಳು. ಲೋಕವೆಲ್ಲ ನಂಬಿತ್ತು, ಆದ್ದರಿಂದ ಯಾರೂ ವಿಚಾರಿಸಲಿಲ್ಲ.

ಹೋದ ವಾರ ಆ ಪಂದ್ಯದ ದಿನ ಬಂತು. ಕೆಳಗಿಳಿದು ನೋಡಿದರೆ ಮಾವ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಬಂಡೆ ಕೊಟ್ಟ ದಿಂಬನ್ನು ಕುತ್ತಿಗೆಗೆ ಇಟ್ಟುಕೊಂಡು ಫೋನಿನ ಪಕ್ಕ ಕೂತಿದ್ದ. ನಾನು ಕೆಲಸಕ್ಕೆ ಹೋಗಿ ಸಂಜೆ ಬಂದೆ. ಹಾಗೇ ಕೂತಿದ್ದ. ಟೀ ಕೊಟ್ಟೆ, ಕುಡಿದ. ಲೈಟು ಹಾಕಿದೆ.

"ಮಾವ" ಅಂದೆ. ಏನು ಕೇಳಬೇಕೆಂದು ಯೋಚನೆ ಮಾಡಿರಲಿಲ್ಲ, ಬಾಯಿಗೆ ಅದೇ ಬಂತು. "ಕುತ್ತಿಗೆ ಹೇಗಿದೆ?"

ಅವನು ಪೂರ್ತಿ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದ. ತಲೆ ಮಾತ್ರ ತಿರುಗಿಸಲು ಅವನಿಗೆ ಆಗುತ್ತಿರಲಿಲ್ಲ.

"ನೋಯ್ತಾ ಇದೆ ಕಣೇ ಗುಬ್ಬಿ. ತುಂಬಾ ನೋಯ್ತಾ ಇದೆ" ಅಂದ. ದಿಂಬು ಸರಿಮಾಡಿಕೊಂಡು, "ಅವನು ಫೋನ್ ಮಾಡಿದ್ರೂ ಇವತ್ತು ಇದನ್ನ ಹೇಳೋಕಾಗ್ತಿರ್ಲಿಲ್ಲ, ಅಲ್ವಾ? ನಂಬ್ತಿರ್ಲಿಲ್ಲ" ಅಂದ.

ನಾನು ಮೇಲೆ ಹೋಗಿ ಅಮ್ಮನ ಮುಲಾಮಿನ ಡಬ್ಬಿ ತಂದೆ. ತಳದಲ್ಲಿ ಇಷ್ಟೇ ಇಷ್ಟು ಉಳಿದಿತ್ತು, ಅದನ್ನೇ ಬೆರಳಿನಿಂದ ಕೆರೆದು ತೆಗೆದೆ. ಮಾವ ತಲೆ ತಗ್ಗಿಸಿದ. ಮೊದಲಾದರೆ ಅಮ್ಮ ತಿಕ್ಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವತ್ತು ಮುಚ್ಚಲಿಲ್ಲ. ಮುಲಾಮು ಮುಗಿಯುವವರೆಗೂ ಫೋನನ್ನೇ ನೋಡುತ್ತಿದ್ದ.